ಮೂರನೆಯ ಮತ ಮರದ ಮೇಲಿತ್ತು

ಆ ಬಂದೂಕಿನ ಗುರಿ ಜಿಂಕೆಯೋ, ನಾನೋ?

ನನ್ನ ಹಿಂದೆ ಜಿಂಕೆ ನಿಂತಿರಬಹುದು. ತಿರುಗಿ ನೋಡಲೇ? ತಿರುಗಿದರೆ ಕೋಟಿನ ಬೆನ್ನು ಕಾಣುತ್ತದೆ. ಕಂದು ಬಣ್ಣದ ಕೋಟು. ಗಂಡು ಜಿಂಕೆಯ ಬೇಟೆ ಶುರುವಾಗುವ ಮೊದಲ ದಿನ ಜಿಂಕೆಯೆಂದು ಯಾರೂ ಗುಂಡು ಹಾರಿಸದಿರಲೆಂದು ಇಡೀ ಕೌಂಟಿ ಕಿತ್ತಳೆ ಬಣ್ಣ ತೊಟ್ಟು ಕಾಡಿನಲ್ಲಿ ಕೂತಿರುವಾಗ, ಕಂದು ಕೋಟಿನಲ್ಲಿ ಬಂದ ಬುದ್ಧಿವಂತ ನಾನೊಬ್ಬನೇ. ಕೈ ಎತ್ತಲೇ? ಎತ್ತಿದ ಕೈ ದೂರಕ್ಕೆ ಕೊಂಬಿನ ಹಾಗೆ ಕಂಡರೆ...

ಢಂ!

ಕಿವಿಯಿಂದ ಒಂದು ಮೊಳ ದೂರದಲ್ಲಿ ಓಕ್ ಮರದ ತೊಗಟೆ ಹಾರಿತು. ನಾನು ಒಣಗಿದೆಲೆಗಳ ಮೇಲೆ ಬೋರಲು ಬಿದ್ದೆ.

"ಯಾರೋ ಅದು?" ಮರದ ಮೇಲಿನ ಅಟ್ಟಣಿಗೆಯಿಂದ ಕೂಗು.

"ಡೆನ್ವರ್ ಟ್ಯಾಕೆಟ್! ಮನುಷ್ಯ!"

"ನೀನು ಹೇಳ್ತೀಯ. ಕೋಟು ಹೇಳ್ಬೇಕಲ್ಲ!"

"ಗುಂಡು ಹಾರಿಸಿದ್ರಲ್ಲ, ಓಕಿಯಜ್ಜ!"

"ಮರಕ್ಕೆ ಹೊಡೆದೆ ಕಣೋ. ಕೊಂಬಿಲ್ಲದ್ದನ್ನ ನಾನು ಕೊಲ್ಲಲ್ಲ."

ಇವನೇ ಓಕಿ ಸ್ಟೆಂಪಲ್. ಎಪ್ಪತ್ಮೂರು ವರ್ಷ. ಕಲ್ಲಿದ್ದಲ ಗಣಿಯಲ್ಲಿ ಸೊಂಟ ಕಳೆದುಕೊಂಡವನು. ನಮ್ಮ ಕೌಂಟಿಯ ಆಡಳಿತ ನಡೆಸುವ ಮೂವರು ಕಮಿಷನರ್‌ಗಳಲ್ಲಿ ಒಬ್ಬ. ಬೆಳಗಿನಿಂದ ನಾನು ಹುಡುಕುತ್ತಿದ್ದದ್ದು ಇವನನ್ನೇ.

ಹುಡುಕುವುದು ನನ್ನ ಹೊಟ್ಟೆಪಾಡು. ತಲೆ ತಪ್ಪಿಸಿಕೊಂಡವರಿಗೆ ಕೋರ್ಟಿನ ಕಾಗದ ಮುಟ್ಟಿಸುತ್ತೇನೆ. ಈ ಸಲ ಕಳಿಸಿದವಳು ವಿಲ್ಮಾ ಕೋಗರ್. ನನ್ನ ಫೀಸು, ಪೆಪ್ಪರೋನಿ ಮಾಂಸ ತುಂಬಿದ ಎರಡು ಬನ್ನು. ಒಂದನ್ನು ದಾರಿಯಲ್ಲೇ ತಿಂದಿದ್ದೆ.

ವಿಷಯ ಇಷ್ಟು. ಚಟ ಹತ್ತಿಸುವ ನೋವಿನ ಮಾತ್ರೆ ಸುರಿದು ವೆಸ್ಟ್ ವರ್ಜೀನಿಯಾದ ನಮ್ಮ ಬೆಟ್ಟದೂರುಗಳನ್ನು ಖಾಲಿ ಮಾಡಿದ ಕಂಪನಿಗಳು ಕೊನೆಗೆ ಕೋರ್ಟಿನಲ್ಲಿ ರಾಜಿಗೆ ಬಂದು ಹಣ ಕಟ್ಟಿದವು. ಚಟ ಬಿಡಿಸುವ ಕೆಲಸಕ್ಕೆಂದು ನಮ್ಮ ಕೌಂಟಿಗೂ ಒಂದು ಪಾಲು ಬಂತು. ವಿಲ್ಮಾ ಹಳೆಯ ಚಪ್ಪಲಿ ಅಂಗಡಿಯಲ್ಲಿ ಎಂಟು ಹಾಸಿಗೆ ಹಾಕಿ, ಮಾತ್ರೆ ಬಿಡಲು ಬಂದವರನ್ನು ಇಟ್ಟುಕೊಂಡಿದ್ದಾಳೆ. ಆ ಹಣ ಅವಳಿಗೆ ಕೊಡಲು ಇವತ್ತು ಕಮಿಷನ್ ಒಪ್ಪದಿದ್ದರೆ ಶುಕ್ರವಾರ ಬಾಗಿಲಿಗೆ ಬೀಗ. ಎಂಟು ಜನ ಬೀದಿಗೆ.

ಅಧ್ಯಕ್ಷ ಗಾರ್ಲೆಂಡ್ ನೂಜಮ್‌ಗೆ ಆ ಹಣದಲ್ಲಿ ಕೈದಿಗಳ ಮೈ ತಪಾಸಣೆಗೆ ಜೈಲಿಗೊಂದು ಸ್ಕ್ಯಾನರ್ ಬೇಕು. ಅವನ ಮತ ವಿರುದ್ಧ. ಇನ್ನೊಬ್ಬ ಕಮಿಷನರ್ ವಿಲ್ಮಾ ಕಡೆ. ಮತ ಸಮವಾದರೆ ಹಣ ಇಲ್ಲ. ಮೂರನೆಯ ಮತ ಮರದ ಮೇಲಿತ್ತು.

ನೂಜಮ್ ಜಾಣ. ಶಾಲೆಗೇ ರಜೆ ಕೊಡುವ ಈ ಬೇಟೆಯ ದಿನ, ಮಧ್ಯಾಹ್ನ ಒಂದು ಗಂಟೆಗೆ ಮೀಟಿಂಗ್ ಎಂದು ಕೋರ್ಟ್‌ಹೌಸ್ ಬಾಗಿಲಿಗೆ ಚೀಟಿ ಅಂಟಿಸಿದ್ದ. ಕಾನೂನಿನ ಪ್ರಕಾರ ಎಲ್ಲ ಸರಿ. ಓದುವವರೆಲ್ಲ ಕಾಡಿನಲ್ಲಿ!

"ಅಜ್ಜ, ಇವತ್ತು ಮೀಟಿಂಗು..."

"ಗೊತ್ತು. ಬಾಯಿ ಮುಚ್ಕೊಂಡು ಹತ್ತು. ಜಿಂಕೆ ಓಡಿಸ್ಬೇಡ."

ಏಣಿ ಹತ್ತಿದೆ. ಎರಡು ಸೀಟುಗಳಿದ್ದವು.

"ಈ ಸೀಟು ಯಾರದು?"

"ಲಾನಿದು. ಕೂತ್ಕೋ."

ಲಾನಿ ಅವನ ಮಗ. ಸತ್ತು ಒಂಬತ್ತು ವರ್ಷ. ನಾನು ಕೂತೆ. ಬಾಯಿ ಮುಚ್ಚಿಕೊಂಡೆ.

ಒಂದು ತಾಸು ಕಳೆಯಿತು. ಹಿಮ ಬೀಳಲೋ ಬೇಡವೋ ಎಂದು ಯೋಚಿಸುತ್ತಿತ್ತು. ಅಜ್ಜ ಥರ್ಮಾಸಿನ ಮುಚ್ಚಳದಲ್ಲಿ ಕಾಫಿ ಕೊಟ್ಟ. ನಾನು ಉಳಿದ ಬನ್ನು ಮುರಿದು ಅರ್ಧ ಕೊಟ್ಟೆ. ಹನ್ನೊಂದೂವರೆ ಆಯಿತು.

"ನೀನೊಬ್ಬ ಪರವಾಗಿಲ್ಲ ಮಾರಾಯ," ಎಂದ. "ಈ ವಾರ ಬಂದೋರೆಲ್ಲ ಯಾವ ಕಡೆಗೆ ಮತ ಹಾಕ್ಬೇಕು ಅಂತ ಪಾಠ ಹೇಳಿದ್ರು. ಸುಮ್ನೆ ಕೂತೋನು ನೀನೊಬ್ನೇ."

"ಚಳಿಗೆ ನಾಲಿಗೆ ಮರಗಟ್ಟಿದೆ, ಅಜ್ಜ."

ನಕ್ಕ. ಆಮೇಲೆ ನಗು ನಿಲ್ಲಿಸಿದ.

"ಲಾನಿ ಫ್ಲೋರಿಡಾಕ್ಕೆ ಹೋಗ್ತಿದ್ದ. ಬೀಚ್ ನೋಡೋಕೆ ಅಂತಿದ್ದ. ಹದಿನಾಲ್ಕು ಗಂಟೆ ದಾರಿ. ವಾಪಸ್ ಬಂದಾಗ ಅವನಮ್ಮ ಶೂ ಒದರಿ ನೋಡೋಳು. ಒಂದು ಕಾಳು ಮರಳೂ ಇರ್ತಿರ್ಲಿಲ್ಲ."

ನಾನು ಕಾಫಿ ನೋಡುತ್ತಿದ್ದೆ.

"ಕೇಳಿದಷ್ಟು ಮಾತ್ರೆ ಬರೆದುಕೊಡೋ ಡಾಕ್ಟರ್ ಅಂಗಡಿ ಇತ್ತಂತೆ ಅಲ್ಲಿ. ನಮ್ಮ ಹುಡುಗ್ರನ್ನ ಬಿಳಿ ವ್ಯಾನಲ್ಲಿ ತುಂಬ್ಕೊಂಡು ಹೋಗೋರು. ಆ ಡ್ರೈವರ್ ಯಾರು ಅಂತ ಗೊತ್ತಾಗ್ಲೇ ಇಲ್ಲ." ಬಂದೂಕಿನ ಮೇಲೆ ಕೈಯಾಡಿಸಿದ. "ಗೊತ್ತಾದ್ರೆ ಈ ಮರದ ಕೆಳಗೇ ಕರೆಸ್ತೀನಿ."

ನಿಮಗೆ ಹೇಳಿಬಿಡುತ್ತೇನೆ. ಆ ವ್ಯಾನು ನನ್ನದು. ಎರಡು ವರ್ಷ ಓಡಿಸಿದೆ. ಇಪ್ಪತ್ತೆರಡು ಟ್ರಿಪ್.

ಈಗ ಬಾಯಿ ತೆರೆದರೆ ಎರಡು ಸಾಧ್ಯತೆ. ಒಂದು, ಗುಂಡು. ಎರಡು, ಅಜ್ಜ ಇಲ್ಲೇ ಕೂತು ಸಾಯಂಕಾಲದವರೆಗೆ ಅಳುತ್ತಾನೆ. ಎರಡರಲ್ಲೂ ಎಂಟು ಹಾಸಿಗೆ ಹೋಯಿತು. ಲೆಕ್ಕ ಸರಿಯಾಗಿಯೇ ಇತ್ತು. ಹೇಡಿಗಳ ಲೆಕ್ಕ ಯಾವಾಗಲೂ ಸರಿಯಾಗಿರುತ್ತದೆ.

"ಡೆನ್ವರ್, ವಿಲ್ಮಾಳ ಮನೆ ಆಗ ಇದ್ದಿದ್ರೆ ನನ್ನ ಮಗ ಉಳೀತಿದ್ನಾ?"

ಹೌದು ಎಂದರೆ ಮತ ಸಿಗಬಹುದಿತ್ತು.

"ಗೊತ್ತಿಲ್ಲ, ಅಜ್ಜ."

ಅಜ್ಜ ಬಂದೂಕು ಹೆಗಲಿಗೆ ಹಾಕಿಕೊಂಡ. "ಹೌದು ಅಂದಿದ್ರೆ ಏಣಿಯಿಂದ ತಳ್ತಿದ್ದೆ. ಲಾನಿ ವಿಲ್ಮಾ ಹತ್ರ ಹೋಗಿರ್ತಿದ್ನೋ ಇಲ್ವೋ ಯಾರಿಗ್ಗೊತ್ತು. ಆದ್ರೆ ಹೋಗೋಕೊಂದು ಬಾಗಿಲಾದ್ರೂ ಇರ್ಬೇಕಲ್ಲ... ಇಳಿ!"

ಆಗಲೇ ಅದು ಬಂತು. ಹತ್ತು ಕವಲಿನ ಕೊಂಬು! ನಲವತ್ತು ಹೆಜ್ಜೆ ದೂರದಲ್ಲಿ ನಿಂತು ನಮ್ಮನ್ನೇ ನೋಡಿತು.

"ಅಜ್ಜ..." ಪಿಸುಗುಟ್ಟಿದೆ.

"ಕಂಡಿದೆ ಕಣೋ. ಅದನ್ನ ಸಿಗಿದು, ಎಳ್ದು, ಕಟ್ಟೋಕೆ ಎರಡು ಗಂಟೆ ಬೇಕು. ಹಾಳಾದೋನು ನೂಜಮ್!" ಜಿಂಕೆಗೆ ಕೇಳುವಂತೆ ಬೈದ. ಜಿಂಕೆ ಹಾರಿತು.

ನಾಲ್ಕು ಚಕ್ರದ ಬೈಕಿನಲ್ಲಿ ಇಳಿಯತೊಡಗಿದೆವು. ಓಡಿಸಿದ್ದು ಅಜ್ಜ. ಕಣಿವೆಯ ಬಾಯಲ್ಲಿ ಮರ ಸಾಗಿಸುವ ಲಾರಿಯೊಂದು ದಾರಿಗೆ ಅಡ್ಡ ನಿಂತಿತ್ತು. ಕಿಟಕಿಯಲ್ಲಿ ನೂಜಮನ ಭಾವಮೈದುನ ಡಾರ್ಸಿ. ಬಾಗಿಲಿನಷ್ಟೇ ಅಗಲ, ಬಾಗಿಲಿನಷ್ಟೇ ಬುದ್ಧಿ.

"ಲಾರಿ ಕೆಟ್ಟಿದೆ, ಓಕಿ!"

"ಇಂಜಿನ್ ಓಡ್ತಿದೆಯಲ್ಲೋ!"

ಡಾರ್ಸಿ ಯೋಚಿಸಿದ. "ಅದೇ ಕೆಟ್ಟಿರೋದು. ನಿಲ್ತಾನೇ ಇಲ್ಲ!"

"ಪಕ್ಕಕ್ಕೆ ತಗೀತೀಯಾ?"

"ಒಂದೂವರೆ ಮೇಲೆ ತಗೀತೀನಿ." ಕೆಳಗಿಳಿದ. ಕೈಯಲ್ಲಿ ಕಬ್ಬಿಣದ ರಾಡು. "ಏಯ್ ಡೆನ್ವರ್, ಇಳಿ ಕೆಳಗೆ. ನಿನ್ನ ಹಲ್ಲೆಷ್ಟಿವೆ ನೋಡೋಣ!"

"ಗಟ್ಟಿಯಾಗಿ ಹಿಡ್ಕೋ," ಎಂದ ಅಜ್ಜ ನನಗೆ.

ಬೈಕು ಹಳ್ಳಕ್ಕೆ ಹಾರಿತು! ಸೊಂಟದವರೆಗೆ ನೀರು. ಹಿಮಕ್ಕಿಂತ ತಣ್ಣಗೆ. ಡಾರ್ಸಿಯೂ ಹಾರಿದ. ಮೂರು ಹೆಜ್ಜೆ ಬಂದ. ನಾಲ್ಕನೆಯದಕ್ಕೆ ಜಾರಿ ಕೂತ.

"ಓಕಿ! ನನ್ನ ಬೂಟು ಹೋಯ್ತು!"

"ಕೆಳಗಡೆ ಊರಲ್ಲಿ ಸಿಗುತ್ತೆ ಬಿಡೋ!" ಎಂದ ಅಜ್ಜ. ಆಚೆ ದಡ ಹತ್ತಿ, ಯಾರದೋ ಮೆಕ್ಕೆಜೋಳದ ಹೊಲ ಸೀಳಿ, ಹೆದ್ದಾರಿಗೆ ಬಿದ್ದೆವು.

ಹನ್ನೆರಡೂ ಐವತ್ತೆಂಟು. ಕೋರ್ಟ್‌ಹೌಸ್ ಬಾಗಿಲಲ್ಲಿ ಬಂದೂಕನ್ನು ಕಾವಲು ನಿಂತ ಪೊಲೀಸ್ ಡೆಪ್ಯುಟಿಯ ಕೈಗಿಟ್ಟು ಅಜ್ಜ ಒಳಗೆ ನಡೆದ. ಪ್ರತಿ ಹೆಜ್ಜೆಗೂ ಬೂಟಿನಿಂದ ನೀರು ಚಿಮ್ಮುತ್ತಿತ್ತು. ಹಿಂದಿನ ಬೆಂಚಿನಲ್ಲಿ ವಿಲ್ಮಾ ಕರ್ಚೀಫು ಹಿಂಡುತ್ತಿದ್ದಳು, ಅದು ಒದ್ದೆಯಾಗಿರಲಿಲ್ಲ.

"ಓಕಿ!" ನೂಜಮ್ ಬಿಳಿಚಿಕೊಂಡ. "ಬೇಟೆ... ಹೇಗಿತ್ತು?"

"ಇನ್ನೂ ಮುಗಿದಿಲ್ಲ. ಮತ ಕೂಗು."

ಕೂಗಿದರು. ವಿಲ್ಮಾಳ ಮನೆಗೆ ಒಂದು ಹೌದು. ನೂಜಮನದು ಇಲ್ಲ. ಆಮೇಲೆ ಓಕಿಯ ಸರದಿ.

"ಹೌದು."

"ಕಾರಣ ಏನಾದ್ರೂ ಬರ್ಕೊಳ್ಲಾ?" ಎಂದಳು ಗುಮಾಸ್ತೆ.

"ಬೇಡಮ್ಮ. ಕಾರಣ ಬರೆಯೋಷ್ಟು ಉದ್ದದ ಕಾಗದ ಇಲ್ಲ ನಿನ್ನತ್ರ."

ವಿಲ್ಮಾ ಅಳಲಿಲ್ಲ. ಎದ್ದು ಹೊರಗೆ ಓಡಿದಳು, ಎಂಟು ಜನಕ್ಕೆ ಹೇಳಬೇಕಿತ್ತು.

ಮೆಟ್ಟಿಲ ಮೇಲೆ ಅಜ್ಜ ನನ್ನ ಪಕ್ಕ ಕೂತು ಬೂಟು ಬಿಚ್ಚಿ ನೀರು ಚೆಲ್ಲಿದ.

"ಮುಂದಿನ ವರ್ಷ ಬಾರೋ. ಲಾನಿ ಸೀಟು ಖಾಲಿ ಇರುತ್ತೆ. ನಿನ್ನಂಗೆ ಸುಮ್ನೆ ಕೂರೋರು ಸಿಗಲ್ಲ."

"ಬರ್ತೀನಿ, ಅಜ್ಜ."

"ಏನೋ ಹೇಳೋ ಹಾಗಿದೆ ಮುಖ?"

"ಚಳಿ."

ಹೆಗಲು ತಟ್ಟಿ ಎದ್ದು ಹೋದ.

ಇಪ್ಪತ್ತೆರಡು ಟ್ರಿಪ್‌ಗಳಲ್ಲಿ ಹದಿನೇಳು ಸಲ ಲಾನಿ ನನ್ನ ಪಕ್ಕದ ಸೀಟಿನಲ್ಲಿ ಕೂತು, ಮುಂದಿನ ಸಲ ಖಂಡಿತ ಬೀಚಿಗೆ ಹೋಗೋಣ ಎನ್ನುತ್ತಿದ್ದ. ಅದನ್ನು ನಾನು ಅವನಪ್ಪನಿಗೆ ಹೇಳಲಿಲ್ಲ.