ಮುಂಗಡ ಬಾಡಿಗೆಯ ಪ್ರಶ್ನೆ

"ಮೇಜಿನ ಕೆಳಗೆ ತೋರಿಸಿ ಮೇಡಂ," ಎಂದಿತು ಲ್ಯಾಪ್‌ಟಾಪಿನಿಂದ ಪರೀಕ್ಷೆ ಕಾಯುವ ಗಂಡಸಿನ ದನಿ.

ಅಮ್ಮ ಲ್ಯಾಪ್‌ಟಾಪನ್ನು ಎತ್ತಿ ಮೇಜಿನ ಕೆಳಗೆ ಹಿಡಿದಳು.

"ಈಗ ಸೀಲಿಂಗ್. ಈಗ ನಿಮ್ಮ ಹಿಂದಿನ ಗೋಡೆ. ನಿಧಾನ, ನಿಧಾನ. ಅಲ್ಲೇನೋ ಅಂಟಿಸಿದೆಯಲ್ಲ?"

"ನನ್ನ ಮಗಳು ಬರೆದಿರೋ ಕುದುರೆ, ಸರ್."

"ತೆಗೀಬೇಕಾಗುತ್ತೆ."

ಬಾಗಿಲ ಬಳಿ ನಿಂತಿದ್ದ ಮಾರ್ಲಿ ಒಳಗೆ ಹೋಗಲು ಕಾಲೆತ್ತಿದಳು. ಅಮ್ಮ ಕೈಸನ್ನೆಯಲ್ಲೇ ಬೇಡವೆಂದಳು. ತಾನೇ ಎದ್ದು ಚಿತ್ರ ಕಿತ್ತಳು. ಟೇಪಿನ ಜೊತೆ ಗೋಡೆಯ ಬಣ್ಣವೂ ಒಂದು ಚೂರು ಎದ್ದು ಬಂತು. ಆಮೇಲೆ ಕೂದಲು ಹಿಂದೆ ಸರಿಸಿ ಎರಡೂ ಕಿವಿ ತೋರಿಸಿದಳು. ತೋಳು ಮೇಲೆ ಮಾಡಿ ಮಣಿಕಟ್ಟು ತೋರಿಸಿದಳು.

"ಮನೇಲಿ ಯಾರಿದ್ದಾರೆ?"

"ಮಕ್ಕಳಿಬ್ಬರು. ಹೊರಗಡೆ ಇರ್ತಾರೆ."

"ಪರೀಕ್ಷೆ ಮುಗಿಯೋ ತನಕ ಯಾರೂ ಒಳಗೆ ಬರಬಾರದು. ಯಾರ ಮಾತೂ ಕೇಳಿಸಬಾರದು. ನೀವೂ ಬಾಯಿಬಿಟ್ಟು ಓದೋ ಹಾಗಿಲ್ಲ."

ಅಮ್ಮ ಮಾರ್ಲಿಯ ಕಡೆ ನೋಡಿದಳು. ಮಾರ್ಲಿ ತಲೆಯಾಡಿಸಿ ಬಾಗಿಲು ಎಳೆದುಕೊಂಡಳು. ಅದು ಹಳೆಯ ಮನೆಯ ಹಳೆಯ ಬಾಗಿಲು. ಎಷ್ಟು ಎಳೆದರೂ ಒಂದು ಬೆರಳಿನಷ್ಟು ಸಂದಿ ಉಳಿಯುತ್ತಿತ್ತು.

ನಾಲ್ಕು ವರ್ಷದ ತಮ್ಮ ಕೋಲ್ಟ್ ಅಡುಗೆಮನೆಯಲ್ಲಿ ಟ್ರಕ್ಕು ಉರುಳಿಸುತ್ತಿದ್ದ. ಮಾರ್ಲಿ ಅದರ ಚಕ್ರಗಳಿಗೆ ಅಮ್ಮನ ಕಾಲುಚೀಲ ತೊಡಿಸಿದಳು.

"ಟ್ರಕ್ಕಿಗೆ ಚಳಿಯಾಗುತ್ತಾ?" ಎಂದು ಕೇಳಿದ ಕೋಲ್ಟ್.

"ಹೂಂ. ಶ್‌… ಅದು ಮಲಗಿದೆ."

ಮಾರ್ಲಿಯ ಅಮ್ಮ ಶಾನಾ ಪೋರ್ಟ್ಸ್‌ಮತ್ ಊರಿನ ಒಂದು ವೃದ್ಧಾಶ್ರಮದಲ್ಲಿ ಸಹಾಯಕಿ. ಎದ್ದು ನಿಲ್ಲಲಾಗದವರನ್ನು ಎತ್ತಿ ಕೂರಿಸುವುದು, ಸ್ನಾನ ಮಾಡಿಸುವುದು, ಮತ್ತೆ ಎತ್ತಿ ಮಲಗಿಸುವುದು ಅವಳ ಕೆಲಸ. ಎತ್ತಿ ಎತ್ತಿ ಅವಳ ಬೆನ್ನು ಕೆಟ್ಟಿತ್ತು. ಕೆಲವು ದಿನ ಬೆಳಿಗ್ಗೆ ಬಾಗಿ ಶೂ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ.

ಅದೇ ಆಶ್ರಮದ ಆಫೀಸಿನಲ್ಲಿ ಬಿಲ್ ಬರೆಯುವ ಒಂದು ಕುರ್ಚಿ ಖಾಲಿಯಾಗಿತ್ತು. "ಪದವಿ ತಗೊಂಡು ಬಾ ಶಾನಾ, ಕುರ್ಚಿ ನಿಂದೇ. ಆದ್ರೆ ತಿಂಗಳ ಕೊನೆ ತನಕ ಮಾತ್ರ ಕಾಯ್ತೀನಿ," ಎಂದಿದ್ದರು ಮ್ಯಾನೇಜರ್.

ಈ ಶನಿವಾರದ ಪರೀಕ್ಷೆ ಆ ಪದವಿಯ ಕೊನೆಯ ಪರೀಕ್ಷೆ.

ಕಾಲೇಜು ಆರಿಸಿದ್ದು ಅಡುಗೆಮನೆಯ ಮೇಜಿನ ಮೇಲೆ. ಆವತ್ತು ಅಮ್ಮನ ಜೊತೆ ಕೆಲಸ ಮಾಡುವ ವರ್ಲೀನ್ ಆಂಟಿಯೂ ಬಂದಿದ್ದರು. ಮಾರ್ಲಿ ಮ್ಯಾಕರೋನಿ ತಿನ್ನುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಈ ಕಾಲೇಜು ಟಿವೀಲಿ ಬರುತ್ತಲ್ಲ," ಎಂದು ಅಮ್ಮ ಫೋನು ತೋರಿಸಿದ್ದಳು.

"ಟಿವೀಲಿ ಬರೋದನ್ನ ಮುಟ್ಟಲೇಬೇಡ ಮಾರಾಯ್ತಿ!" ಎಂದಿದ್ದರು ವರ್ಲೀನ್ ಆಂಟಿ. "ನನ್ನ ಕಾಲೇಜೂ ಟಿವೀಲಿ ಬರ್ತಿತ್ತು. ಸೇರೋ ತನಕ ದಿನಾ ಫೋನು. ಸೇರಿದ ಮೇಲೆ ನಾನು ಮಾಡಿದ್ರೂ ಯಾರೂ ಎತ್ತಲ್ಲ. ಒಂದಿನ ವೆಬ್‌ಸೈಟ್ ತೆಗೀತೀನಿ, 'ಕ್ಷಮಿಸಿ, ಕಾಲೇಜು ಮುಚ್ಚಿದೆ' ಅಂತ ಒಂದೇ ಸಾಲು! ನಾನು ಓದಿದ್ದನ್ನ ಬೇರೆ ಯಾವ ಕಾಲೇಜೂ ಒಪ್ಪಲಿಲ್ಲ. ಸಾಲ ಮಾತ್ರ ನನ್ನ ಹೆಸರಲ್ಲೇ ಉಳೀತು."

ಅವರು ನಗುತ್ತಲೇ ಹೇಳಿದ್ದರು. ಅಮ್ಮ ನಕ್ಕಿರಲಿಲ್ಲ.

ಕೊನೆಗೆ ಅಮ್ಮ ಆರಿಸಿದ್ದು ಆರು ತಿಂಗಳಿಗೊಮ್ಮೆ ಫೀಸು ಕಟ್ಟಿಸಿಕೊಳ್ಳುವ ಕಾಲೇಜನ್ನು. ಆ ಆರು ತಿಂಗಳಲ್ಲಿ ಎಷ್ಟು ವಿಷಯ ಮುಗಿಸಿದರೂ ಫೀಸು ಒಂದೇ.

"ಬಫೆ ಊಟ ಇದ್ದ ಹಾಗೆ," ಎಂದಿದ್ದಳು ಅಮ್ಮ. "ಬೇಗ ಬೇಗ ತಿಂದೋರಿಗೆ ಲಾಭ."

ಅವಳಿಗೆ ಒಂದಲ್ಲ, ಎರಡು ಪದವಿ ಬೇಕಿತ್ತು. ಮೊದಲು ಲೆಕ್ಕಪತ್ರದ್ದು. ಅದು ಕುರ್ಚಿಗಾಗಿ. ಆಮೇಲೆ ಟೀಚರ್ ಆಗುವ ಪದವಿ. ಅದು ತನಗಾಗಿ. ಸರ್ಕಾರದ ಸಹಾಯಧನ ಮೊದಲ ಪದವಿಗೆ ಮಾತ್ರ. ಎರಡನೆಯದಕ್ಕೆ ಕೈಯಿಂದಲೇ ಕಟ್ಟಬೇಕು. ಹಾಗಾಗಿ ಎರಡಕ್ಕೂ ಸಲ್ಲುವ ವಿಷಯಗಳನ್ನು ಹುಡುಕಿ ಹುಡುಕಿ ಈಗಲೇ ಮುಗಿಸಿದ್ದಳು. ಬಸ್ಸಿನಲ್ಲಿ ಓದುತ್ತಿದ್ದಳು. ಬಟ್ಟೆ ಒಗೆಯುವ ಅಂಗಡಿಯಲ್ಲಿ ಮೆಷಿನ್ ತಿರುಗುವಷ್ಟು ಹೊತ್ತು ಓದುತ್ತಿದ್ದಳು. ಪಾತ್ರೆ ತೊಳೆಯುವಾಗ ಮಾರ್ಲಿ ಕಾರ್ಡು ಹಿಡಿದು ಪ್ರಶ್ನೆ ಕೇಳಬೇಕಿತ್ತು.

ಕೇಳಿ ಕೇಳಿ ಮಾರ್ಲಿಗೇ ಎಲ್ಲ ಬಾಯಿಪಾಠವಾಗಿತ್ತು.

ಅಮ್ಮ ಒಂದೇ ಒಂದು ಪ್ರಶ್ನೆಗೆ ಮಾತ್ರ ಮತ್ತೆ ಮತ್ತೆ ಎಡವುತ್ತಿದ್ದಳು.

"ಮುಂಗಡವಾಗಿ ಕೊಟ್ಟ ಬಾಡಿಗೆ. ಆಸ್ತಿನಾ, ಖರ್ಚಾ?"

"ಖರ್ಚು."

"ಆಸ್ತಿ, ಅಮ್ಮಾ!"

"ಬಾಡಿಗೆ ಕೊಟ್ಟ ಮೇಲೆ ದುಡ್ಡು ಹೋಯ್ತು ತಾನೆ? ಅದು ಹೆಂಗೆ ಆಸ್ತಿ ಆಗುತ್ತೆ? ಮನೆ ಓನರ್‌ಗೆ ಆಸ್ತಿ ಇರಬಹುದು."

"ಇನ್ನೂ ಆ ತಿಂಗಳು ನಾವು ಮನೇಲಿ ಇದ್ದಿಲ್ವಲ್ಲ. ಅದು ಬಾಕಿ ಇದೆ. ಅದಕ್ಕೇ ಆಸ್ತಿ. ಬುಕ್ಕಲ್ಲಿದೆ ನೋಡು."

"ಬುಕ್ ಬರೆದೋನು ಬಾಡಿಗೆ ಮನೇಲಿ ಇದ್ದಿರಲ್ಲ ಬಿಡು," ಎಂದು ಅಮ್ಮ ನೊರೆಗೈಯಲ್ಲಿ ಮಾರ್ಲಿಯ ಮೂಗು ಮುಟ್ಟುತ್ತಿದ್ದಳು.

ಬಾಗಿಲ ಆಚೆ ಈಗ ಎಲ್ಲ ನಿಶ್ಶಬ್ದ. ಮಾರ್ಲಿ ಬಾಗಿಲಿಗೆ ಒರಗಿ ಕಾವಲು ಕೂತಿದ್ದಳು. ಕೋಲ್ಟ್ ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ. ಅವನು ಅಳದಂತೆ, ಓಡದಂತೆ, ಬಾಗಿಲು ಬಡಿಯದಂತೆ ನೋಡಿಕೊಂಡಿದ್ದಕ್ಕೆ ಅವಳಿಗೆ ಒಳಗೊಳಗೇ ಹೆಮ್ಮೆಯಾಗಿತ್ತು.

"ಮೇಡಂ, ತುಟಿ ಆಡಿಸಬೇಡಿ," ಎಂದಿತು ಒಳಗಿನ ದನಿ.

"ಸಾರಿ ಸರ್. ಅಭ್ಯಾಸ."

ಬಹಳ ಹೊತ್ತು ಮೌಸಿನ ಟಿಕ್ ಟಿಕ್ ಅಷ್ಟೇ. ಮಾರ್ಲಿಗೂ ತೂಕಡಿಕೆ ಬಂತು. ಅಷ್ಟರಲ್ಲಿ ಬಾಗಿಲ ಸಂದಿಯಿಂದ ಅಮ್ಮನ ಪಿಸುಮಾತು ಬಂತು. ಪಾತ್ರೆ ತೊಳೆಯುವಾಗಿನ ಅದೇ ದನಿ.

"ಮುಂಗಡವಾಗಿ ಕೊಟ್ಟ ಬಾಡಿಗೆ…"

"ಆಸ್ತಿ!" ಎಂದಳು ಮಾರ್ಲಿ.

ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂದುಬಿಟ್ಟಿತ್ತು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬಂದ ಮಾತು ಒಳಗೆ ಹೋಗಲಿಲ್ಲ.

ಒಳಗೆ ಮೌಸ್ ಒಂದು ಸಲ ಟಿಕ್ ಎಂದಿತು.

"ಮೇಡಂ, ಮೌಸಿನಿಂದ ಕೈ ತೆಗೀರಿ," ಎಂದಿತು ದನಿ. "ಯಾರದು ಮಾತಾಡಿದ್ದು?"

ಆ ಸಂಜೆ ಅಮ್ಮ ಬೈಯಲಿಲ್ಲ. ಪರೀಕ್ಷೆ ನಿಲ್ಲಿಸಿದ್ದಾರೆ, ಗುರುವಾರ ವಿಚಾರಣೆ ಇದೆ ಎಂದಷ್ಟೇ ಹೇಳಿ ಮ್ಯಾಕರೋನಿಗೆ ನೀರಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡಳು ಮಾರ್ಲಿ.

ಸುದ್ದಿ ಕೇಳಿ ವರ್ಲೀನ್ ಆಂಟಿ ಓಡಿ ಬಂದರು.

"ಟಿವಿ ಅಂತ ಹೇಳ್ಬಿಡು ಶಾನಾ. ಟಿವಿ ಹಾಕಿತ್ತು, ಮುಗೀತು. ಯಾರ ಮನೇಲಿ ಟಿವಿ ಇಲ್ಲ?"

"ನಾನೂ ಟಿವಿ ಅಂತಾನೇ ಹೇಳ್ತೀನಿ," ಎಂದಳು ಮಾರ್ಲಿ ತಟ್ಟನೆ.

ಅಮ್ಮ ಇಬ್ಬರನ್ನೂ ನೋಡಿದಳು. "ಶನಿವಾರ ಮಧ್ಯಾಹ್ನ ಯಾವ ಕಾರ್ಟೂನ್ ಬೊಂಬೆ ಬಂದು ಮುಂಗಡ ಬಾಡಿಗೆ ಆಸ್ತಿ ಅನ್ನುತ್ತೆ, ವರ್ಲೀನ್?"

ಆಂಟಿಗೆ ನಗು ಬಂತು. ನಕ್ಕವರು ಹಾಗೇ ಕಣ್ಣೊರೆಸಿಕೊಂಡರು.

ಆ ವಾರ ಮಾರ್ಲಿ ಶಾಲೆಯಲ್ಲಿ ಬಾಯಿ ತೆರೆಯಲಿಲ್ಲ. ಏಳೆಂಟ್ಲ ಎಷ್ಟು ಎಂದು ಹ್ಯಾಚರ್ ಸರ್ ಅವಳನ್ನೇ ಕೇಳಿದರು. ಗೊತ್ತಿತ್ತು. ಆದರೂ ಡೆಸ್ಕ್ ನೋಡುತ್ತಾ ನಿಂತಳು.

"ಏನಮ್ಮ ಮಾರ್ಲಿ, ನಾಲಿಗೆ ಮನೇಲಿ ಬಿಟ್ಟು ಬಂದ್ಯಾ?"

ಹುಡುಗರೆಲ್ಲ ನಕ್ಕರು. ಪಕ್ಕದ ಡೇಲ್ ಅಂತೂ ನಾಲಿಗೆ ಹೊರಗೆ ಹಾಕಿ ತೋರಿಸಿದ. ಮಾರ್ಲಿ ಕೂತುಕೊಂಡಳು.

ಗುರುವಾರ ಮಾರ್ಲಿ ಶಾಲೆಯಿಂದ ಬಂದ ಮೇಲೆ ಲ್ಯಾಪ್‌ಟಾಪಿನ ಪರದೆಯಲ್ಲಿ ಕಾಲೇಜಿನವರ ಮೂರು ಮುಖಗಳು ಬಂದವು. ಮಾತಾಡಿದ್ದು ಬಿಳಿ ಕೂದಲಿನ ಒಬ್ಬ ಹೆಂಗಸು. ದನಿ ಮೆತ್ತಗಿತ್ತು. ಮಾರ್ಲಿ ಕ್ಯಾಮೆರಾಗೆ ಕಾಣದಂತೆ ಹಾಸಿಗೆಯ ತುದಿಯಲ್ಲಿ ಕೂತಿದ್ದಳು.

"ಆ ದನಿ ಯಾರದು ಅಂತ ಹೇಳ್ತೀರಾ?"

"ನನ್ನ ಮಗಳದು," ಎಂದಳು ಅಮ್ಮ. "ದಿನಾ ಅವಳೇ ನನಗೆ ಪ್ರಶ್ನೆ ಕೇಳಿ ಪಾಠ ಮಾಡಿಸೋದು. ನಾನು ಬಾಯಿಬಿಟ್ಟು ಓದಿದೆ, ಅವಳು ಅಭ್ಯಾಸದಲ್ಲಿ ಉತ್ತರ ಹೇಳಿದ್ಲು. ತಪ್ಪು ನಂದು."

"ಅವಳು ಅಲ್ಲಿದ್ದಾಳಾ?"

ಮಾರ್ಲಿ ಎದ್ದು ಅಮ್ಮನ ಪಕ್ಕ ನಿಂತಳು. ಪರದೆಯ ಮೂಲೆಯಲ್ಲಿ ಅವಳ ಮುಖವೂ ಚಿಕ್ಕದಾಗಿ ಕಂಡಿತು.

"ಹೆದರಬೇಡ ಪುಟ್ಟಿ. ಒಂದೇ ಪ್ರಶ್ನೆ. ಆ ಉತ್ತರ ನಿಮ್ಮಮ್ಮನಿಗೆ ಮೊದಲೇ ಗೊತ್ತಿತ್ತಾ?"

ಮಾರ್ಲಿ ಅಮ್ಮನ ಕಡೆ ನೋಡಿದಳು. ಗೊತ್ತಿತ್ತು ಎಂದುಬಿಟ್ಟರೆ? ಅಮ್ಮ ಅವಳ ಕಡೆ ತಿರುಗಲಿಲ್ಲ. ಕಣ್ಣಲ್ಲೂ ಏನೂ ಹೇಳಲಿಲ್ಲ. ಸುಮ್ಮನೆ ಪರದೆ ನೋಡುತ್ತಿದ್ದಳು.

"ಅದೊಂದನ್ನ ಅಮ್ಮ ಯಾವಾಗಲೂ ತಪ್ಪು ಹೇಳ್ತಿದ್ಲು," ಎಂದಳು ಮಾರ್ಲಿ. "ಅದೊಂದೇ. ಮಿಕ್ಕಿದ್ದೆಲ್ಲ ಅವಳಿಗೆ ಬರುತ್ತೆ."

ಬಿಳಿ ಕೂದಲಿನ ಹೆಂಗಸು ಏನೋ ಬರೆದುಕೊಂಡರು.

"ನಮ್ಮ ರೆಕಾರ್ಡಿಂಗ್‌ನಲ್ಲೂ ಹಾಗೇ ಇದೆ," ಎಂದರು. "ಶಾನಾ, ದನಿ ಕೇಳಿಸಿದಾಗ ನೀವಿನ್ನೂ ಯಾವ ಉತ್ತರವನ್ನೂ ಒತ್ತಿರಲಿಲ್ಲ. ಕೇಳಿಸಿದ ಮೇಲೆ 'ಖರ್ಚು' ಅಂತ ಒತ್ತಿದ್ದೀರಿ. ಮೋಸ ಮಾಡೋರು ಹಾಗೆ ಮಾಡಲ್ಲ. ಅದಕ್ಕೇ ಮೋಸ ಅಂತ ನಿಮ್ಮ ದಾಖಲೆಯಲ್ಲಿ ಬರೆಯಲ್ಲ."

ಮಾರ್ಲಿ ಅಮ್ಮನ ಮುಖ ನೋಡಿದಳು. ಶನಿವಾರದಿಂದ ಅವಳು ಅಂದುಕೊಂಡಿದ್ದೇ ಬೇರೆ. ಆ ಟಿಕ್ ತಾನು ಹೇಳಿದ ಉತ್ತರದ್ದೇ ಎಂದುಕೊಂಡಿದ್ದಳು.

"ಆದ್ರೆ ಪರೀಕ್ಷೆ ರದ್ದಾಗುತ್ತೆ," ಎಂದರು ಹೆಂಗಸು. "ಬೇರೆಯವರ ಮಾತು ಕೇಳಿಸಿದ್ರೆ ರದ್ದು. ಈ ನಿಯಮ ಎಲ್ಲರಿಗೂ ಒಂದೇ. ಮುಂದಿನ ಅವಧಿಗೆ ಫೀಸು ಕಟ್ಟಿ ಮತ್ತೆ ಬರೀಬಹುದು."

"ಈ ತಿಂಗಳೊಳಗೆ ಒಂದು ಸಲ ಕೂತುಕೊಳ್ಳೋಕೆ ಆಗಲ್ವಾ ಮೇಡಂ? ಇದೊಂದೇ ಬಾಕಿ ಇರೋದು."

"ಕ್ಷಮಿಸಿ ಶಾನಾ. ಈ ಅವಧೀಲಿ ಇನ್ನು ಸಮಯ ಇಲ್ಲ."

ಮೂರು ಮುಖಗಳೂ ಒಂದೊಂದಾಗಿ ಆರಿದವು.

ಅಮ್ಮ ಲ್ಯಾಪ್‌ಟಾಪ್ ಮುಚ್ಚಿದಳು. ಆಮೇಲೆ ಮ್ಯಾನೇಜರ್‌ಗೆ ಫೋನು ಮಾಡಿದಳು. "ಆಗಲಿಲ್ಲ… ಇಲ್ಲ, ಮುಂದಿನ ತಿಂಗಳೂ ಆಗಲ್ಲ… ಹೌದಾ, ಬೇರೆಯವಳಿಗೆ ಕೊಡ್ತೀರಾ? ಸರಿ. ಅವಳು ಒಳ್ಳೆ ಹುಡುಗಿ… ಅರ್ಥ ಆಗುತ್ತೆ… ಬರ್ತೀನಿ, ಇವತ್ತು ಸಂಜೆ ಪಾಳಿ ನಂದೇ ಅಲ್ವಾ."

ಮಾರ್ಲಿ ಕೇಳಿದಳು, "ಕುರ್ಚಿ ಹೋಯ್ತಾ?"

"ಹೋಯ್ತು."

"ಮತ್ತೆ ಟೀಚರ್ ಓದು?"

"ಈಗ ಅದರ ಮಾತು ಬೇಡ," ಎಂದಳು ಅಮ್ಮ. ಸಿಟ್ಟಿನಿಂದಲ್ಲ. ದಣಿದಿದ್ದಳು.

ಅವಳು ಕೆಲಸದ ನೀಲಿ ಅಂಗಿ ಹಾಕಿಕೊಂಡಳು. ಅದರ ಮೇಲೆ ಬೆನ್ನಿಗೆ ಕಟ್ಟುವ ಅಗಲ ಪಟ್ಟಿ ಸುತ್ತಿಕೊಂಡು ಮಾರ್ಲಿಗೆ ಬೆನ್ನು ತಿರುಗಿಸಿ ನಿಂತಳು. "ಹಿಂದೆ ಸ್ವಲ್ಪ ಎಳಿ ಪುಟ್ಟಿ."

ಮಾರ್ಲಿ ಪಟ್ಟಿಯ ಎರಡು ತುದಿ ಹಿಡಿದು ಎಳೆದಳು.

"ಇನ್ನೂ ಬಿಗಿ."

ಎಳೆದಳು. ಅಮ್ಮನ ಮುಖ ಆ ಕಡೆಗಿತ್ತು. ಆಗ ಕೇಳುವುದು ಸುಲಭವಾಯಿತು.

"ಅಮ್ಮಾ, ಆವತ್ತು ನಾನು ಹೇಳಿದ್ದು ನಿಂಗೆ ಸರಿಯಾಗಿ ಕೇಳಿಸಿತ್ತಾ?"

"ಕೇಳಿಸಿತ್ತು."

"ಅದು ತಪ್ಪಿರಬಹುದು ಅನ್ನಿಸ್ತಾ?"

ಅಮ್ಮ ಸಣ್ಣಗೆ ಉಸಿರು ಬಿಟ್ಟಳು. "ನೀನು ಹೇಳಿದ ಉತ್ತರ ಯಾವತ್ತು ತಪ್ಪಾಗಿದೆ, ಹೇಳು?"

ಮಾರ್ಲಿ ಮೊಣಕಾಲನ್ನು ಮಂಚಕ್ಕೆ ಒತ್ತಿ ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ, ಪಟ್ಟಿಯನ್ನು ಇನ್ನೊಂದು ಸಲ ಎಳೆದಳು.