ನಲವತ್ತೊಂದನೇ ಕಪ್ಪೆ

ಶನಿವಾರ ಬೆಳಿಗ್ಗೆ ಏಳೂವರೆಗೆ ಅರ್ಪಿತಾ ನನ್ನ ಮನೆ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಲ್ಯಾಪ್‌ಟಾಪ್. ಕಣ್ಣು ಕೆಂಪು.

"ವನಮಾಲಕ್ಕ, ಹೆಸರೆಲ್ಲ ಹೋಗಿದೆ."

"ಯಾರ ಹೆಸರು ಮಾರಾಯ್ತಿ?"

"ಎಲ್ಲರದ್ದೂ. ಹೂವಪ್ಪಣ್ಣಂದೂ."

ನಾನು ನೋಂದಣಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕ್ರಯಪತ್ರ ಓದಿದವಳು. ಕಂಪ್ಯೂಟರ್ ಕಲಿತದ್ದು ನಿವೃತ್ತಿಯಾದ ಮೇಲೆ. ಆದರೂ 'ಕಪ್ಪೆದನಿ'ಯ ಹಕ್ಕು, ಲೈಸೆನ್ಸ್ ನೋಡಿಕೊಳ್ಳುವುದು ನಾನೇ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಕೂಗು ಕೇಳಿಸಿದರೆ ಯಾವ ಕಪ್ಪೆ ಎಂದು ಹೇಳುವ ತಂತ್ರಾಂಶ ಅದು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಷರತ್ತು ಒಂದೇ: ಮಾಡಿದವರ ಹೆಸರು ಅಳಿಸಬಾರದು.

ಅರ್ಪಿತಾ ಕೊಪ್ಪದಲ್ಲಿ ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡುತ್ತಾಳೆ. ತಂತ್ರಾಂಶ ಬರೆದವಳು ಅವಳೇ. ಯೋಜನೆ ನಡೆಸುವವನು ಶೃಂಗೇರಿಯ ಯಜ್ಞೇಶ. ಪ್ರತಿ ಫೈಲಿನ ತಲೆಯಲ್ಲಿ ಅವಳ ಹೆಸರು, ವರ್ಷ, ಲೈಸೆನ್ಸ್. ಧ್ವನಿ ಫೈಲಿನ ತಲೆಯಲ್ಲಿ ಹಾಗೆ ಬರೆಯಲಾಗುವುದಿಲ್ಲ. ಅದಕ್ಕೇ ಒಂದೊಂದಕ್ಕೂ ಪಕ್ಕದಲ್ಲೊಂದು ಚೀಟಿ, ಅಂದರೆ ಹೆಸರು ಬರೆದ ಪುಟ್ಟ ಫೈಲು. ಕಿಗ್ಗದ ರೈತ ಹೂವಪ್ಪ ಗದ್ದೆ ಬದುವಿನಲ್ಲಿ ಕೂತು ಫೋನಿನಲ್ಲಿ ಹಿಡಿದ ಕೂಗು ನೂರ ಹನ್ನೆರಡು. ಚೀಟಿಯೂ ನೂರ ಹನ್ನೆರಡು. ಅಷ್ಟನ್ನೂ ಕೂತು ಬರೆಸಿದವಳು ನಾನು.

ಈಗ ಅಲ್ಲೆಲ್ಲ ಮಂಗಳೂರಿನ ಯಾವುದೋ ಕಂಪನಿಯ ಹೆಸರಿತ್ತು. ಕೆಳಗೆ 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿದೆ'. ಬದಲಾವಣೆ ಮಾಡಿದವರು ಎಂಬಲ್ಲಿ ಅರ್ಪಿತಾಳ ಹೆಸರು!

"ನಾನು ಮಾರಿದೀನಿ ಅಂತ ಯಜ್ಞೇಶಣ್ಣ ಗ್ರೂಪಿಗೆ ಹಾಕಿದಾರೆ ಅಕ್ಕ. ನಾಳೆ ಮೂರಕ್ಕೆ ಶೃಂಗೇರಿಲಿ ಮೀಟಿಂಗ್. ನನ್ನ ತೆಗೆದು ಹಾಕ್ತಾರಂತೆ. ಕಳ್ಳಿ ಅನ್ಸಿಕೊಂಡು ಮಕ್ಕಳೆದುರು ಹ್ಯಾಗೆ ನಿಲ್ಲಲಿ?"

"ಅಲ್ಲಿ ಬೇರೆಯವರ ಹೆಸರು ಬರೆಯೋಕೆ ಆಗ್ತದಾ?"

"ಯಾರ ಹೆಸರು ಬೇಕಾದ್ರೂ ಟೈಪ್ ಮಾಡಬಹುದು."

"ಪಾಸ್‌ವರ್ಡ್ ಯಾರ ಹತ್ರ ಇದೆ?"

"ನನ್ನ ಹತ್ರ, ಯಜ್ಞೇಶಣ್ಣನ ಹತ್ರ, ಎನ್.ಆರ್.ಪುರದ ಸತೀಶಣ್ಣನ ಹತ್ರ. ಮೂವರಿಗೂ ಒಂದೇ."

ಶಿವನೇ! ಮೂರು ಮನೆಗೆ ಒಂದೇ ಬೀಗದ ಕೈ. ಓದಿದವರ ಬುದ್ಧಿ ಇದು.

ಚೀಟಿಗಳನ್ನು ಒಂದೊಂದಾಗಿ ತೆಗೆದು ಓದಿದೆ. ನೂರ ಹನ್ನೊಂದು ಚೀಟಿಗಳಲ್ಲಿ ಕಂಪನಿಯ ಹೆಸರು. ನಲವತ್ತೊಂದನೇ ಚೀಟಿಯಲ್ಲಿ ಮಾತ್ರ 'ಹೂವಪ್ಪ, ಕಿಗ್ಗ' ಹಾಗೆಯೇ ಇತ್ತು.

"ಮರೆತಿರಬೇಕು," ಎಂದಳು ಅರ್ಪಿತಾ.

"ಒಂದೊಂದೇ ತಿದ್ದಿದ್ದಾ ಇದು?"

"ಅಲ್ಲ. ಒಂದೇ ಏಟಿಗೆ."

"ಹಾಗಾದ್ರೆ ಮರೆತದ್ದಲ್ಲ ಕೂಸೆ. ಬೇಕು ಅಂತಲೇ ಬಿಟ್ಟದ್ದು."

*

ಎನ್.ಆರ್.ಪುರದಲ್ಲಿ ಸತೀಶನ ಕಂಪ್ಯೂಟರ್ ಅಂಗಡಿ. ಗೋಡೆಯ ಮೇಲೆ ಅದೇ ಕಂಪನಿಯ ಕ್ಯಾಲೆಂಡರ್! ಸಿಕ್ಕಿಬಿದ್ದ ಎಂದುಕೊಂಡೆ.

"ಇದೆಂತ ಸತೀಶ?"

"ಅವರ ಸಿಸಿಟಿವಿ ಮಾರ್ತೀನಿ ಅಕ್ಕ. ಕಪ್ಪೆ ಮಾರಲ್ಲ."

"ಹೂವಪ್ಪನ ಧ್ವನಿ ನಿನ್ನ ಕೈಗೇ ಬರೋದಲ್ವಾ?"

"ಅವರು ಮೆಮೊರಿ ಕಾರ್ಡ್ ಕಳಿಸ್ತಾರೆ. ನಾನು ಕಾಪಿ ಮಾಡಿಟ್ಟು ಯಜ್ಞೇಶನಿಗೆ ಕಳಿಸ್ತೀನಿ. ಯೋಜನೆಗೆ ಸೇರಿಸೋದು ಅವನು. ನನ್ ಕಾಪಿ ಎಲ್ಲ ಇಲ್ಲೇ ಇದೆ, ನೋಡಿ ಬೇಕಾದ್ರೆ."

ಏನನ್ನು ನೋಡಬೇಕೆಂದು ಆಗ ನನಗೇ ಗೊತ್ತಿರಲಿಲ್ಲ. ಬಸ್ ಹತ್ತಿದೆ.

*

ಭಾನುವಾರ ಕಿಗ್ಗ. ಹೂವಪ್ಪ ಗದ್ದೆಯಿಂದ ಬಂದು ಕೈಕಾಲು ತೊಳೆದು ಕೂತ. ಯೋಜನೆಯಲ್ಲಿದ್ದ ನಲವತ್ತೊಂದನೇ ಕೂಗು ಕೇಳಿಸಿದೆ. ಆತ ಹುಬ್ಬು ಗಂಟಿಕ್ಕಿದ.

"ಕಪ್ಪೆ ಅದೇ. ಆದ್ರೆ ಇದು ನಾ ಹಿಡಿದದ್ದಲ್ಲ ಅಮ್ಮ."

"ಹ್ಯಾಗೆ ಹೇಳ್ತೀರಿ?"

"ಹಾರ್ನ್ ಎಲ್ಲಿ? ನಾ ಹಿಡಿವಾಗ ಡ್ರೈವರ್ ಕೊರಗನ ಬಸ್ಸು ಬಂತು. ತಿರುವಿನಲ್ಲಿ ಮೂರು ಸಲ ಹೊಡೀತಾನೆ ಅವನು. ಕಪ್ಪೆ ಒಂದು ಗಳಿಗೆ ಸುಮ್ಮನಾಗಿ ಮತ್ತೆ ಶುರು ಮಾಡ್ತು. ಎಷ್ಟು ಬೈದಿದೀನಿ ಕೊರಗಂಗೆ!"

ನನ್ನ ತಲೆಯಲ್ಲಿ ದೀಪ ಹತ್ತಿತು. ಅಲ್ಲಿಂದಲೇ ಸತೀಶನಿಗೆ ಫೋನ್ ಮಾಡಿದೆ.

*

ಮೂರಕ್ಕೆ ಶೃಂಗೇರಿ. ಯಜ್ಞೇಶನ ಕಚೇರಿಯಲ್ಲಿ ಅವನು, ಅರ್ಪಿತಾ, ಸತೀಶ, ಹೂವಪ್ಪ, ನಾನು, ಐದೇ ಜನ.

"ಬೇಜಾರಾಗ್ತದೆ," ಎಂದ ಯಜ್ಞೇಶ. "ಆದ್ರೆ ಸಾಕ್ಷಿ ಕಣ್ಣೆದುರೇ ಇದೆ. ಹೆಸರು ಅರ್ಪಿತಾಂದೇ."

"ಬರೆದ ಹೆಸರು ಸಾಕ್ಷಿಯಲ್ಲ ಮಾಣಿ," ಎಂದೆ. "ಸುಳ್ಳು ಕ್ರಯಪತ್ರ ನಾನು ಬೇಕಾದಷ್ಟು ನೋಡಿದೀನಿ. ನಾನು ಮೊದಲು ನೋಡೋದು ಚಕ್ಕುಬಂದಿ, ನಾಲ್ಕು ದಿಕ್ಕಿನ ಗಡಿ. ಎರಡೆಕರೆ ಗದ್ದೆ ಬರೆದುಕೊಟ್ಟು ಮೂಲೆಯ ಎರಡು ಗುಂಟೆ ಮಾತ್ರ ಬಿಟ್ಟಿದ್ರೆ ಏನರ್ಥ? ಆ ಎರಡು ಗುಂಟೆ ಪಕ್ಕದವರದ್ದು ಅಂತ ಬರೆದವನಿಗೆ ಗೊತ್ತು. ದಾವೆ ಬೀಳ್ತದೆ ಅನ್ನೋ ಹೆದರಿಕೆ."

ಸತೀಶನಿಗೆ ಕಾಪಿ ತೆರೆಯಲು ಸನ್ನೆ ಮಾಡಿದೆ.

"ಕಳ್ಳ ನೂರ ಹನ್ನೊಂದು ಕೂಗು ಮಾರಿದ. ಒಂದು ಬಿಟ್ಟ. ಚೀಟಿ ಪ್ರಕಾರ ಅದೂ ಹೂವಪ್ಪಂದೇ. ಅಲ್ಲ ಅಂತ ಅರ್ಪಿತಾಗೆ ಗೊತ್ತಿರಲಿಲ್ಲ. ಚೀಟಿ ಬರೆಸಿದ ನನಗೂ ಗೊತ್ತಿರಲಿಲ್ಲ. ಕಾರ್ಡಿನಲ್ಲಿ ಏನಿತ್ತು, ಕೇಳಿ."

ಸತೀಶ ತನ್ನ ಕಾಪಿ ಕೇಳಿಸಿದ. ಕಪ್ಪೆ. ಹಾರ್ನ್, ಮೂರು ಸಲ. ಮತ್ತೆ ಕಪ್ಪೆ. ಹೂವಪ್ಪ ಹಲ್ಲು ಬಿಟ್ಟು ನಕ್ಕ.

"ಸತೀಶ ಕಳಿಸಿದ್ದು ಇದು. ಯೋಜನೆಯಲ್ಲಿರೋದು ಬೇರೆ. ನಡುವೆ ಇದ್ದದ್ದು ಒಂದೇ ಕೈ. ಬದಲಿಸಿದವನಿಗೆ ಮಾತ್ರ ಅದು ಪರರ ಸ್ವತ್ತು ಅಂತ ಗೊತ್ತಿರೋದು. ಹೌದೋ ಅಲ್ಲವೋ ಯಜ್ಞೇಶ?"

ಯಜ್ಞೇಶ ಬೆವರು ಒರೆಸಿಕೊಂಡ.

"ಹಾರ್ನ್ ಇತ್ತು ಅಂತ ನೆಟ್ಟಿನಿಂದ ಯಾರೋ ವಿಜ್ಞಾನಿಯದ್ದು ತೆಗೆದು ಹಾಕಿದ್ದೆ... ಕಂಪನಿಯವರು ಕರಾರು ಬರೆಸಿಕೊಂಡ್ರು. ಬೇರೆಯವರದ್ದು ಸೇರಿದ್ರೆ ನಾನೇ ಹೊಣೆ ಅಂತ."

"ಅದಕ್ಕೆ ಅದೊಂದು ಬಿಟ್ಟೆ. ಕಳ್ಳತನ ಅರ್ಪಿತಾ ತಲೆಗೆ ಕಟ್ಟಿದೆ. ಪಹಣಿ ತಿದ್ದಿದ ಕೂಡ್ಲೇ ಗದ್ದೆ ನಿಂದಾಗ್ತದಾ? ನಾಚ್ಕೆ ಆಗಲ್ವಾ?"

ಅವನ ಕೈಯಲ್ಲೇ ಗ್ರೂಪಿನಲ್ಲಿ ತಪ್ಪೊಪ್ಪಿಗೆ ಬರೆಸಿದೆ. ಕಂಪನಿಗೂ ಕಾಗದ ಬರೆಸಿದೆ. ಪಾಸ್‌ವರ್ಡ್ ಅಲ್ಲೇ ಬದಲಾಯಿತು, ಒಬ್ಬೊಬ್ಬರಿಗೆ ಒಂದೊಂದು.

ಹಳೆಯ ಪ್ರತಿಗಳೆಲ್ಲ ಭದ್ರವಾಗಿದ್ದವು. ಅರ್ಪಿತಾ ಹತ್ತೇ ನಿಮಿಷದಲ್ಲಿ ಎಲ್ಲ ಹೆಸರು ವಾಪಸ್ ತಂದಳು. ನಲವತ್ತೊಂದಕ್ಕೆ ಹಾರ್ನಿನ ಕಪ್ಪೆಯನ್ನೇ ಹಾಕಿದಳು. ಕೇಳದೆ ಚೀಟಿ ಬರೆಸಿದ ತಪ್ಪು ನನ್ನದೂ ಇತ್ತು. ಈ ಸಲ ಎರಡು ಬಾರಿ ಕೇಳಿದೆ.

ಹೂವಪ್ಪ ಪರದೆಯತ್ತ ಬಗ್ಗಿದ. "ಅಮ್ಮ, ಕೊರಗನ ಹೆಸರೂ ಹಾಕಿ. ಅರ್ಧ ದನಿ ಅವಂದೇ ಅಲ್ವಾ?"

ಎಲ್ಲರೂ ನಕ್ಕರು. ಆದರೆ ಹಾಕಿದೆವು. ಈಗ ಆ ಚೀಟಿ ಹೀಗಿದೆ: 'ಧ್ವನಿ: ಹೂವಪ್ಪ, ಕಿಗ್ಗ. ಹಾರ್ನ್: ಕೊರಗ, ಬಸ್ ಚಾಲಕ.' ಕೆಳಗೆ, ಬದಲಾವಣೆ ಮಾಡಿದವರು ಎಂಬಲ್ಲಿ, ಅರ್ಪಿತಾ. ಈ ಸಲ ಅದನ್ನು ಬರೆದವಳು ಅವಳೇ. ಸೋಮವಾರ ಅದನ್ನೇ ಮಕ್ಕಳಿಗೆ ತೋರಿಸಿ ಪಾಠ ಮಾಡಿದಳಂತೆ.