ದೇವರ ಮನೆಗೆ ಬಂದ ವೈರುಗಳು

"ಅಲ್ಲೇ ನಿಲ್ಲಪ್ಪ, ಮಡಿ!"

ಅಮೃತೇಶನಿಗೆ ನಮ್ಮ ಮನೆಯಲ್ಲಿ ಸಿಕ್ಕ ಮೊದಲ ಸ್ವಾಗತ ಇದು. ಕೂಗಿದವಳು ನನ್ನಜ್ಜಿ ಜಾನಕಮ್ಮ. ದೇವರ ಮನೆಯ ಹೊಸಿಲ ಮೇಲೆ ಎತ್ತಿದ್ದ ಕಾಲನ್ನು ಅವನು ಹಾಗೇ ಹಿಂದಕ್ಕೆ ತೆಗೆದುಕೊಂಡ.

ತಪ್ಪು ಅವನದಲ್ಲ, ನಮ್ಮದೇ. ನಂಜನಗೂಡಿನ ನಮ್ಮ ಮನೆಯನ್ನು 2007ರಲ್ಲಿ ಹೊಸದಾಗಿ ಕಟ್ಟಿಸಿದಾಗ ಅಣ್ಣ ಕೃಷ್ಣಪ್ರಸಾದ್ ಪ್ರತಿ ರೂಮಿನ ಗೋಡೆಯಲ್ಲೂ ಇಂಟರ್‌ನೆಟ್ ಪಾಯಿಂಟ್ ಬೇಕೆಂದು ಹಟ ಹಿಡಿದಿದ್ದ. ಎಲ್ಲ ರೂಮಿನ ವೈರುಗಳನ್ನೂ ಗೋಡೆಯೊಳಗಿನಿಂದಲೇ ಈಶಾನ್ಯದ ಸ್ಟೋರ್ ರೂಮಿಗೆ ತಂದು ಬಿಟ್ಟಿದ್ದರು. ಗಾರೆ ಕೆಲಸ ಮುಗಿದ ಮೇಲೆ ವಾಸ್ತು ನೋಡುವವರು ಬಂದು, ಈಶಾನ್ಯದಲ್ಲಿ ದೇವರಿರಬೇಕು ಎಂದರು. ಸ್ಟೋರ್ ರೂಮು ದೇವರ ಮನೆಯಾಯಿತು. ವೈರುಗಳು ಮಾತ್ರ ಲಕ್ಷ್ಮೀನರಸಿಂಹನ ಪಟದ ಪಕ್ಕ ಗೋಡೆಯ ಡಬ್ಬಿಯಲ್ಲೇ ಉಳಿದವು. ಅವಕ್ಕೆ ಕನೆಕ್ಷನ್ ಕೊಡಲು ತಾಂಡವಪುರದಿಂದ ಬಂದವನು ಅಮೃತೇಶ್.

"ಬೆಳಿಗ್ಗೆನೇ ಸ್ನಾನ ಮಾಡಿ, ಲಿಂಗಪೂಜೆ ಮುಗಿಸ್ಕಂಡೇ ಬಂದಿವ್ನಿ ಅಜ್ಜಿ," ಎಂದ ಪಾಪ.

"ನಿನ್ನ ಮೇಲೆ ಬೇಜಾರಿಲ್ಲ ಕಣಪ್ಪ. ನಮ್ಮ ಪದ್ಧತಿ. ಸಿಂಧು ಮಡೀಲಿದಾಳೆ, ಒಳಗಿನ ಕೆಲಸ ಅವಳು ಮಾಡ್ತಾಳೆ. ನೀನು ಹೇಳ್ಕೊಡು."

ವೈರಿಗೆ ಮಡಿ ಇಲ್ಲ, ಮನುಷ್ಯನಿಗೆ ಮಾತ್ರ. ನಮ್ಮಜ್ಜಿಯ ಶಾಸ್ತ್ರವೇ ಹಾಗೆ.

ಹೀಗೆ, ದಿನಾ ಪೂಜೆಯಾದ ಮೇಲೆ ನಾನು ಒಳಗೆ, ಅವನು ಹೊಸಿಲಿನಾಚೆ. ವೈರಿನ ತುದಿಗೆ ಪ್ಲಗ್ಗು ಒತ್ತುವ ಇಕ್ಕಳ, ಅಂದರೆ ಕ್ರಿಂಪರನ್ನು ನೆಲದ ಮೇಲಿಡುತ್ತಿದ್ದ, ನಾನು ಎತ್ತಿಕೊಳ್ಳುತ್ತಿದ್ದೆ. ಕೈಯಿಂದ ಕೈಗೆ ಏನೂ ಕೊಡುವಂತಿರಲಿಲ್ಲ. ಪ್ರತಿ ವೈರಿನೊಳಗೂ ಎಂಟು ಬಣ್ಣದ ಎಳೆಗಳು; ಅವನ್ನು ಜೋಡಿಸುವ ಕ್ರಮ ಅವನು ಹೇಳಬೇಕು.

"ಆರೆಂಜ್ ಬಿಳಿ, ಆರೆಂಜ್. ಆಮೇಲೆ ಹಸಿರು ಬಿಳಿ. ಅದರ ಪಕ್ಕ ನೀಲಿ."

"ಹಸಿರಿನ ಪಕ್ಕ ಹಸಿರೇ ಇರಲಿ ಬಿಡಿ. ಜೋಡೀನ ಯಾಕೆ ಬೇರೆ ಮಾಡ್ತೀರಿ?"

"ನಾನು ಮಾಡಿದ ರೂಲಲ್ಲ ಕಣ್ರೀ," ಎಂದು ನಕ್ಕ. ನಗುವಾಗ ಅವನ ಕಣ್ಣು ಮುಚ್ಚಿಹೋಗುತ್ತಿತ್ತು. ಆ ಸಮಯದಲ್ಲಿ ಅವನನ್ನು ಧಾರಾಳವಾಗಿ ನೋಡಬಹುದಿತ್ತು. ನೋಡಿದೆ.

ಟೆಸ್ಟರಿನ ಒಂದು ಭಾಗವನ್ನು ರೂಮಿನ ಗೋಡೆಯ ಪಾಯಿಂಟಿಗೆ ಸಿಕ್ಕಿಸಿ ಬರುತ್ತಿದ್ದ. ಇನ್ನೊಂದು ನನ್ನ ಕೈಯಲ್ಲಿ. ವೈರುಗಳು ಸರಿಯಿದ್ದರೆ ಎಂಟು ಪುಟ್ಟ ದೀಪಗಳು ಸಾಲಾಗಿ ಹತ್ತಬೇಕು. ಎರಡನೇ ರೂಮಿನ ಹೊತ್ತಿಗೆ ನಾನು ಬೇಕಂತಲೇ ಹಸಿರು, ನೀಲಿ ಅದಲುಬದಲು ಮಾಡತೊಡಗಿದ್ದೆ. ಮೂರರಿಂದ ದೀಪ ಆರಕ್ಕೆ ಹಾರಿತು. ಅವನು ದೀಪ ನೋಡಿದ, ನನ್ನನ್ನು ನೋಡಿದ.

"ಇದು ತಪ್ಪಾಗಿ ಬಂದಿದ್ದಲ್ಲ."

"ಮತ್ತೆ?"

"ನಾಳೆ ಬತ್ತೀನಿ. ನಿಧಾನವಾಗಿ ಕಲೀರಿ, ಅರ್ಜೆಂಟೇನಿಲ್ಲ."

ಒಂದು ದಿನ ಮರೆತು ಕ್ರಿಂಪರನ್ನು ಕೈಗೇ ಕೊಟ್ಟುಬಿಟ್ಟ. ಬೆರಳು ತಾಗಿತು. ನಾನು ಮತ್ತೆ ಸ್ನಾನ ಮಾಡಬೇಕಿತ್ತು. ಮಾಡಲಿಲ್ಲ. ಅದೇ ಕೈಯಲ್ಲಿ ದೇವರಿಗೆ ಹೂವೇರಿಸಿದೆ. ದೇವರು ಏನೂ ಅನ್ನಲಿಲ್ಲ.

ಅಂದವನು ಅಣ್ಣ. "ಇದೇನು ಮಂಗಳಸೂತ್ರ ಪೋಣಿಸ್ತಿದೀರಾ? ಮಹಡಿ ರೂಮು ಇವತ್ತು ಆಗದಿದ್ರೆ ಬೇರೆಯವರನ್ನ ಕರೀತೀನಿ."

ಅದೇ ಕೊನೆಯ ರೂಮು. ಅಮೃತೇಶ್ ಅವತ್ತು ಬಣ್ಣಗಳ ಹೆಸರು ಹೇಳಲೇ ಇಲ್ಲ.

"ನಾಳೆಯಿಂದ ಬರಕ್ಕೆ ನೆಪ ಇಲ್ಲ," ಎಂದ ಮೆಲ್ಲಗೆ. "ನಿಮ್ಮಣ್ಣನತ್ರ ಕೇಳ್ಬೇಕು ಅಂತಿವ್ನಿ. ನಿಮ್ಮನ್ನ."

ಕ್ರಿಂಪರನ್ನು ಕೆಳಗಿಟ್ಟೆ. "ಅಣ್ಣ ಹೇಗೋ ಒಪ್ಪಾನು. ಒಪ್ಪಬೇಕಾದ್ದು ಅಜ್ಜಿ. ನಾನೇ ಕೇಳ್ತೀನಿ, ತಡೀರಿ." ಅಮ್ಮ ಹೋದಾಗ ನನಗಿನ್ನೂ ಮಾತು ಬರುತ್ತಿರಲಿಲ್ಲ. ಅಂದಿನಿಂದ ನನ್ನನ್ನು ಸೆರಗಿನಲ್ಲಿಟ್ಟುಕೊಂಡು ಬೆಳೆಸಿದವಳು ಅಜ್ಜಿ. ಅವಳನ್ನು ನೋಯಿಸಿ ಬದುಕುವುದು ನನಗೆ ಗೊತ್ತಿರಲಿಲ್ಲ.

ತುಳಸಿ ಬುಟ್ಟಿ ಹಿಡಿದು ಅಜ್ಜಿ ಬಂದಳು.

"ಅಜ್ಜಿ, ಈ ಅಮೃತೇಶ್ ಹೇಗೆ?"

"ಚಿನ್ನದಂಥ ಹುಡುಗ ಕಣೆ!" ಅವಳ ಮುಖ ಅರಳಿತು. "ಮೊದಲ ದಿನ ಒಂದೇ ಸಲ ಹೇಳಿದ್ದು. ಇವತ್ತಿನವರೆಗೂ ಹೊಸಿಲು ತುಳಿದಿಲ್ಲ ನೋಡು. ಅದಕ್ಕೇ ನನಗೆ ಇವನ ಮೇಲೆ ಅಷ್ಟು ಅಭಿಮಾನ."

ಬೈದಿದ್ದರೆ ಜಗಳವಾಡುತ್ತಿದ್ದೆ. ಅಜ್ಜಿ ಪ್ರೀತಿಯಿಂದ ಹೇಳಿದ್ದಳು. ಅದೇ ಹೊಸಿಲನ್ನು ಅವನು ದಾಟಿ ಬರಲಿ ಎಂದು ಅವಳನ್ನು ಹೇಗೆ ಕೇಳಲಿ?

ಅವಳು ಅಡುಗೆಮನೆಗೆ ಹೋದ ಮೇಲೆ ಒಂದೊಂದೇ ವೈರನ್ನು ಅದರ ಜಾಗದಲ್ಲಿ ಕೂರಿಸಿ ಒತ್ತಿದೆ. ದೀಪಗಳು ಸಾಲಾಗಿ ಹತ್ತಿದವು.

"ಬಂತಾ?" ಮಹಡಿಯಿಂದ ಅಣ್ಣ ಕೂಗಿದ.

"ಬಂತು ಸಾ," ಎಂದ ಅಮೃತೇಶ್. ಸಾಮಾನನ್ನೆಲ್ಲ ಚೀಲಕ್ಕೆ ತುಂಬತೊಡಗಿದ.

"ಕಾಯ್ತೀರಾ?" ಎಂದೆ. "ಅಜ್ಜಿ ಇರೋವರೆಗೆ ಮಾತ್ರ..." ಮುಂದೆ ಹೇಳಲು ನನಗೇ ಹೇಸಿಗೆಯಾಯಿತು.

ಅವನು ತಲೆಯಲ್ಲಾಡಿಸಿದ. "ಬ್ಯಾಡ ಸಿಂಧು. ಹಂಗೆ ಕಾಯೋದು ಅಂದ್ರೆ ದಿನಾ ಅವ್ರ ಸಾವು ಬೇಡ್ಕಂಡಂಗೆ. ನನ್ ಕೈಲಾಗಲ್ಲ. ಅವ್ರು ನೂರು ವರ್ಷ ಬಾಳ್ಲಿ."

"ಏನಪ್ಪಾ ಅದು?" ಅಡುಗೆಮನೆಯಿಂದ ಅಜ್ಜಿಯ ದನಿ.

"ನೀವು ನೂರು ವರ್ಷ ಬಾಳಿ ಅಂದೆ ಅಜ್ಜಿ!"

"ನಿನ್ನ ಬಾಯಿಗೆ ಸಕ್ಕರೆ ಹಾಕ! ನಿನಗೂ ಬೇಗ ಒಳ್ಳೆ ಹೆಂಡ್ತಿ ಸಿಗ್ಲಿ ಕಣಪ್ಪ."

"ಆಗ್ಲಿ ಅಜ್ಜಿ," ಎಂದ, ನನ್ನನ್ನೇ ನೋಡುತ್ತಾ.

ಚೀಲ ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟ. ನಾನು ಮಡಿಯಲ್ಲಿದ್ದೆ. ಗೇಟಿನವರೆಗೂ ಹೋಗಲಾಗಲಿಲ್ಲ.